ಲೆಕ್ಕಕ್ಕೆ ಬಾರದ ಮರಿ

ನವೆಂಬರ್ ೧೪, ಅಂಟಾರ್ಕ್ಟಿಕ ಶಿಬಿರ. ರಾತ್ರಿ ಹನ್ನೊಂದಾದರೂ ಈ ಹಾಳು ಬಿಸಿಲು ಇಳಿದಿಲ್ಲ.

ಇವತ್ತು ನನ್ನ ಕೈಯಲ್ಲೇ ಒಂದು ತಾಯಿ ಸೀಲ್ ಸತ್ತಿತು. ಬೆನ್ನಿಗೆ ಜಾಡು ಹಿಡಿಯುವ ಯಂತ್ರ ಅಂಟಿಸಲೆಂದು ಮತ್ತಿನ ಮದ್ದು ಚುಚ್ಚಿದೆ; ಅದು ಮತ್ತೆ ಉಸಿರೆಳೆಯಲಿಲ್ಲ. ಪರವಾನಗಿಯ ಪ್ರಕಾರ ನಮ್ಮಿಂದ ಎರಡು ಸತ್ತರೆ ಸಂಶೋಧನೆ ನಿಲ್ಲಿಸಬೇಕು.

ತಂಡದ ಮುಖ್ಯಸ್ಥ ಹಾಲ್ವೋರ್ ಕಾಫಿ ಹೀರುತ್ತಲೇ, "ಒಂದು ತಾನೆ? ಒಂದಕ್ಕೆ ಮಾಫಿ ಇದೆ. ಅಳ್ತಾ ಕೂರಬೇಡ ಡಾಕ್ಟರಮ್ಮ" ಎಂದ.

ಅದರ ಮರಿಗೆ ವಾರವೂ ತುಂಬಿಲ್ಲ. ಹಸಿದು ಸಾಯುವುದಕ್ಕಿಂತ ಒಂದು ಸೂಜಿ ಚುಚ್ಚಿ ಮುಗಿಸಿಬಿಡೋಣ ಎಂದು ಬೇಡಿಕೊಂಡೆ.

"ನೀನು ಚುಚ್ಚಿದ್ರೆ ಎರಡಾಗುತ್ತೆ, ನಾಳೆನೇ ಗಂಟುಮೂಟೆ ಕಟ್ಬೇಕು. ತಾನಾಗೇ ಸತ್ರೆ ನಮ್ಮ ಲೆಕ್ಕಕ್ಕೆ ಬರಲ್ಲ."

"ಎಷ್ಟು ದಿನ ನರಳುತ್ತೆ ಗೊತ್ತಾ ನಿಮಗೆ?"

"ಡಾಕ್ಟರು ನೀನು. ನೀನೇ ಹೇಳು."

ವರದಿಯಲ್ಲಿ ಸಾವು ಒಂದು ಎಂದು ಬರೆದು ಸಹಿ ಹಾಕಿದೆ. ಇಲ್ಲಿಗೆ ಬರಲು ನಾಲ್ಕು ವರ್ಷ ಕಾದವಳು ನಾನು. ಅವನನ್ನು ಬೈಯುವ ಯೋಗ್ಯತೆ ನನಗೆಲ್ಲಿದೆ?

ನನ್ನ ಕೈಗವಸಿಗೆ ತಾಯಿಯ ವಾಸನೆ ಹತ್ತಿತ್ತು. ಮರಿ ಅದನ್ನೇ ಮೂಸುತ್ತ ಗುಡಾರದವರೆಗೂ ತೆವಳಿ ಬಂತು. ಎರಡು ತಾಸಿನಿಂದ ಒಂದೇ ಸಮನೆ ಕೂಗುತ್ತಿತ್ತು. ತಡೆಯಲಾರದೆ ಹೊರಗೆ ಹೋಗಿ ಕೈಗವಸನ್ನು ದೂರ ಎಸೆದು ಬಂದೆ.

ಕೂಗು ನಿಂತಿದೆ. ಅದನ್ನೇ ಚೀಪುತ್ತಿರಬೇಕು.