ಕಡ್ಲೆಗೆ ಹಸಿವೇ ಇಲ್ಲ

ಡಿಸೆಂಬರ್ 22, ಭಾನುವಾರ, ಬೆಳಿಗ್ಗೆ 7

ಮತ್ತೆ ಅದೇ. ಹಾಲು ಕಾಯಿಸುತ್ತಿದ್ದೆ, ನನ್ನ ನಾಯಿ ಕಡ್ಲೆ ಕಾಂಪೌಂಡ್ ಹಾರಿ ಪಾವಗಡ ರೋಡಿಗೆ ಓಡಿದಳು. ಲಾರಿ ಬ್ರೇಕ್ ಹಾಕಿದ ಸದ್ದು ಕೇಳಿ ಜೀವವೇ ಹೋಯಿತು. ಡ್ರೈವರ್ ಬಾಯಿಗೆ ಬಂದಂತೆ ಬೈದ. ಬೈಯಲಿ, ಪುಣ್ಯಾತ್ಮ, ನಾಯಿ ಉಳಿಸಿದ.

ಅತ್ತೆ ಕೆಂಚಮ್ಮ ತೀರ್ಪು ಕೊಟ್ಟೇಬಿಟ್ಟರು. "ಸಂಕ್ರಾಂತಿವರ್ಗೂ ನೋಡ್ತೀನಿ ಕಣಮ್ಮ ವನಜಾಕ್ಷಿ. ಕರುದ್ರೆ ಬರದಿದ್ರೆ ನಿನ್ ನಾಯಿನ ರಾಯಚರ್ಲಲ್ಲಿ ನಿಮ್ಮಣ್ಣನ ಹೊಲುಕ್ಕೆ ಬುಟ್ಬುಡು." ನಮ್ಮನೆಯವರು ಪೇಪರಿನೊಳಗೆ ತಲೆ ಹಾಕಿ ಕೂತರು. ಗಂಡಸರೇ ಹೀಗೆ.

ಡಿಸೆಂಬರ್ 25, ಬುಧವಾರ

ರಜೆ. ಕಡ್ಲೆ ಜೊತೆ ಕೊರಟಗೆರೆಗೆ, ರೇಣುಕಯ್ಯನವರ ಮನೆಗೆ. ಪೊಲೀಸ್ ಡಾಗ್ ಸ್ಕ್ವಾಡಿನಿಂದ ರಿಟೈರ್ ಆದವರು.

"ಹಾರೋ ನಾಯಿಗೆ ಹಾರ್ಬೇಡ ಅಂದ್ರೆ ಹೆಂಗೆ? ನೀವು ಹೇಳ್ದಾಗ ಹಾರ್ಲಿ, ಕರುದ್ರೆ ತಿರುಗಿ ಬರ್ಲಿ. ಅಜಿಲಿಟಿ ಅಂದ್ರೆ ಅದೇ." ಮೊದಲು ಕೋಲು ಕಣಕಾಲೆತ್ತರ. ಬಂದಾಗಲೆಲ್ಲ ಒಂಚೂರು ತಿಂಡಿ. ಎರಡು ಗಂಟೆ ಕೂರಿಸಿಕೊಂಡು ಹೇಳಿಕೊಟ್ಟರು. ದೊಡ್ಡ ಮನುಷ್ಯ.

ಡಿಸೆಂಬರ್ 27

ಹಳೇ ಡ್ರಿಪ್ ಪೈಪು, ಇಟ್ಟಿಗೆ ಜೋಡಿಸಿ ಹಾರಲು ಮೂರು ಹರ್ಡಲ್. ನಾನೇ ಹಾರಿ ತೋರಿಸಿದೆ. ಸೀರೆ ಸಿಕ್ಕಿ ಬಿದ್ದೆ. "ನಾಯಿಗಿಂತ ಮುಂಚೆ ನೀನೇ ಕಲ್ತ್‌ಬುಟ್ಟೆ ಬುಡು" — ಅತ್ತೆ.

ಜನವರಿ 5, ಭಾನುವಾರ

ಸೊನ್ನೆ. ಬೇಯಿಸಿದ ಮೊಟ್ಟೆ ತೋರಿಸಿದರೂ ಮೂಸಿ ಮಲಗುತ್ತಾಳೆ. ರೇಣುಕಯ್ಯನವರಿಗೆ ಫೋನ್.

"ಪ್ರಾಕ್ಟೀಸ್‌ಗೆ ಮುಂಚೆ ಏನ್ ತಿಂತದೆ?"

"ಏನೂ ಇಲ್ಲ ಸಾರ್."

"ಯಾರೋ ಹಾಕ್ತಾವ್ರೆ ಕಣಮ್ಮ."

ಜನವರಿ 6

ಪಾಠ ಮುಗಿಸಿ ಸ್ಕೂಲಿನಿಂದ ಬೇಗ ಬಂದೆ. ಹಿತ್ತಲಲ್ಲಿ ಅತ್ತೆ ಮುದ್ದೆ ಮುರಿದು, ಸಾರಿಗೆ ಅದ್ದಿ, ಕಡ್ಲೆಗೆ ಇಡುತ್ತಿದ್ದಾರೆ!

"ಆರು ಕಟ್ಟಿ ಹೊಲ ಉಳೋಕ್ ಮುಂಚೆ ಎತ್ತಿಗೂ ಮೇವು ಹಾಕ್ತೀವಿ. ಬರೀ ಹೊಟ್ಟೇಲಿ ಓಡು ಅಂದ್ರೆ ಪಾಪ ಅನ್ಸಲ್ವಾ ನಿಂಗೆ?"

ದಿನಾ ಹಾಕಿದ್ದಾರಂತೆ. ನಗುವೂ ಬಂತು, ಕಣ್ಣೂ ತುಂಬಿತು. ಸಾಗಹಾಕು ಅಂದವರೇ... ಹಸಿವಿದ್ದರೆ ಮಾತ್ರ ಮೊಟ್ಟೆ ಆಸೆಗೆ ಬರ್ತಾಳೆ, ಊಟ ಆಮೇಲೆ ಹಾಕಿ ಎಂದೆ. ಅತ್ತೆ ಉಳಿದ ಮುದ್ದೆ ಮುಚ್ಚಿಟ್ಟರು.

"ಆಗ್ಲಿ. ಅದು ಉಣ್ಣೋಗಂಟ ನಾನೂ ಉಣ್ಣಕ್ಕಿಲ್ಲ. ಬಿರ್ರನೆ ಮುಗ್ಸು."

ಜನವರಿ 9

ಮೂರೂ ಹಾರಿದಳು! ಕರೆದರೆ ಬಂದಳು! ಅತ್ತೆ ಜಗಲಿಯಲ್ಲಿ, ಹಸಿದುಕೊಂಡೇ, ಚಪ್ಪಾಳೆ.

ಜನವರಿ 13, ಸೋಮವಾರ, ಸಂಜೆ 6.40

ನಾಳೆ ಸಂಕ್ರಾಂತಿ.

ಪ್ರಾಕ್ಟೀಸ್ ಮಧ್ಯೆ ರೋಡಲ್ಲಿ ಮೇಕೆ ಮಂದೆ ಬಂತು. ಕಡ್ಲೆ ಕಾಂಪೌಂಡ್ ಹಾರಿಯೇಬಿಟ್ಟಳು. ಎದುರಿಂದ ಬಸ್ಸು. ನಾನು ಗೇಟಿನತ್ತ ಓಡಿದೆ.

"ಕಡ್ಲೇ! ಬಾರಮ್ಮೀ!"

ಅತ್ತೆ. ಆ ದನಿ ನಾನು ಕೇಳಿಯೇ ಇರಲಿಲ್ಲ. ಕಡ್ಲೆ ನಿಂತಳು, ತಿರುಗಿದಳು, ಒಂದೇ ನೆಗೆತಕ್ಕೆ ಒಳಗೆ. ಅತ್ತೆ ಅವಳ ಕತ್ತು ತಬ್ಬಿಕೊಂಡು ಅತ್ತರು. ನಾನೂ ಅತ್ತುಬಿಟ್ಟೆ.

"ನಿಮ್ಮಣ್ಣಂಗೆ ಫೋನ್ ಮಾಡು. ನಮ್ ನಾಯಿ ಎಲ್ಗೂ ಹೋಗಕ್ಕಿಲ್ಲ ಅನ್ನು."

ನಮ್ ನಾಯಿ! ಥ್ಯಾಂಕ್ಸ್ ಅನ್ನುವ ಮಾತು ನಮ್ಮ ಮನೆಯಲ್ಲಿಲ್ಲ. ಈ ಡೈರಿಯಲ್ಲಾದರೂ ಬರೆಯೋಣ ಅಂತ ಕೂತೆ. ಅತ್ತೆ, ನೀವು ಇವತ್ತು— ಕೂಗುತ್ತಿದ್ದಾರೆ. ಅವರೂ ಕಡ್ಲೆಯೂ ನನಗಾಗಿ ಉಣ್ಣದೆ ಕಾಯುತ್ತಿದ್ದಾರಂತೆ, ಬಂದೆ ಬಂ