ನಿವಾಳಿಸಿದ ರೊಟ್ಟಿ

ಹುನ್ನೂರ, ೧೯೫೨

ಅವ್ವಾ,

ನೀನು ಮಣ್ಣಾಗಿ ವರ್ಷವಾಯಿತು. ಆದರೂ ನಿನಗಲ್ಲದೆ ಯಾರಿಗೆ ಹೇಳಲಿ? ನನ್ನೊಳಗಿನ ಕೇಡೇ ಎದ್ದು, ನನ್ನದೇ ಮುಖದ ಮನುಷ್ಯನಾಗಿ ಊರು ಸುಡಲು ಬಂದಿತ್ತು. ಇವತ್ತು ಮುಂಜಾನೆ ಹಳ್ಳದ ದಂಡೆಯಲ್ಲಿ ಅವನನ್ನು ಕೊಂದೆ. ಬೀಳುವಾಗ ಅವನು "ಅವ್ವಾ" ಎಂದ. ನೀನು ಹೋದ ದಿನವೂ ನನ್ನ ಬಾಯಲ್ಲಿ ಆ ಮಾತು ಬಂದಿರಲಿಲ್ಲ.

ಊರ ಅಗಸಿ ಬಾಗಿಲಲ್ಲಿ ನೆರೆಮನೆಯ ಶಿವವ್ವಕ್ಕ ನನಗೆ ರೊಟ್ಟಿ ನಿವಾಳಿಸಿದಳು. "ಊರು ಉಳಿಸಿದಿ ತಮ್ಮಾ, ಒಳಗ ಬಾ."

ದೃಷ್ಟಿ ತೆಗೆದ ರೊಟ್ಟಿಯನ್ನು ನಾಯಿ ತಿಂದ ಮೇಲೆಯೇ ಒಳಗೆ ಬರಬೇಕೆಂದು ನೀನೇ ಹೇಳುತ್ತಿದ್ದೆ. ನೀನು ಸಾಕಿದ ನಾಯಿಯನ್ನು ನಾನು ಕೂಗಿದೆ.

ಶಿವವ್ವಕ್ಕ ಹಳ್ಳದ ಕಡೆ ನೋಡಿದಳು. "ಅದು ಬರೂದಿಲ್ಲೋ. ಸತ್ತವನ ಕೈ ನೆಕ್ಕೋತ ಕುಂತೈತಿ."

ರೊಟ್ಟಿ ಅವಳ ಕೈಯಲ್ಲೇ ಉಳಿಯಿತು. ನಾನಿನ್ನೂ ಅಗಸಿಯ ಹೊರಗೇ ಕೂತಿದ್ದೇನೆ.