ಬಿಸಿ ತಿಳಿಯದ ಯಂತ್ರ

ದೊಡ್ಡಬಳ್ಳಾಪುರ
18-10-2024, ಶುಕ್ರವಾರ

ಪ್ರೀತಿಯ ಆಶಾರಾಣಿ,

ಲಗ್ನಪತ್ರಿಕೆಯಲ್ಲಿ ನಿನ್ನ ಹೆಸರಿನ ಮುಂದೆ ‘ಚಿ. ಸೌ.’ ಎಂದು ನಾನೇ ಹೇಳಿ ಹಾಕಿಸಿದ್ದೆ. ಇವತ್ತು ಏನು ಹಾಕಬೇಕೋ ತಿಳಿಯದೆ ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಕೊನೆಗೆ ಬರೀ ಹೆಸರು ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಹೇಗಿದ್ದೀಯ ತಾಯಿ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಮಳೆ ಹಿಡಿದರೆ ಬರುವ ಆ ತಲೆನೋವು ಈಗ ಹೇಗಿದೆ? ಸಮೇತನಹಳ್ಳಿಯಲ್ಲೂ ಇಲ್ಲಿಯ ಹಾಗೇ ಸುರಿಯುತ್ತಿರಬೇಕು. ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪ ಎತ್ತಿ “ಮಲಗವ್ಳೆ ಬೀಗ್ರೇ” ಅನ್ನುತ್ತಾರೆ. ಬೆಳಿಗ್ಗೆ ಹತ್ತಕ್ಕೂ ಮಲಗವ್ಳೆ, ಸಂಜೆ ಐದಕ್ಕೂ ಮಲಗವ್ಳೆ. ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಈ ಕಾಗದ.

ಇಲ್ಲಿ ನಾವಿಬ್ಬರೂ ಇದ್ದೇವೆ. ನಿಮ್ಮತ್ತೆ ಮಾರಕ್ಕ ಮುದ್ದೆ ಮಾಡುತ್ತಾಳೆ, ನಾನು ಉಣ್ಣುತ್ತೇನೆ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಇಬ್ಬರಿಗೂ ಗೊತ್ತಾಗುವುದಿಲ್ಲ. ಗೋವಿಂದರಾಜು ಹೋಗಿ ಬರುವ ತಿಂಗಳಿಗೆ ವರ್ಷ ತುಂಬುತ್ತದೆ. ಹೆತ್ತವರಿಗೆ ಅಳುವಾದರೂ ಬರಬೇಕಿತ್ತು, ನಮಗೆ ಅದೂ ಬರಲಿಲ್ಲ. ಟೋಲ್ ಹತ್ತಿರ ಲಾರಿಯೊಂದು ಅವನ ಕ್ಯಾಬಿಗೆ ಗುದ್ದಿತು ಎಂದು ಫೋನ್ ಬಂದಾಗ ‘ಸರಿ’ ಅಂದು ಇಟ್ಟೆನಲ್ಲ, ಅವತ್ತಿನಿಂದ ಎಲ್ಲದಕ್ಕೂ ಸರಿ ಅನ್ನುತ್ತಾ ಬಂದಿದ್ದೇನೆ. ನೀನು ಬ್ಯಾಗು ತಗೊಂಡು ಹೊರಟಾಗಲೂ ಸರಿ ಅಂದೆ.

ಬರೆಯಬೇಕೆಂದುಕೊಂಡಿದ್ದು ಡ್ರೈಯರ್ ವಿಷಯ. ಏರ್‌ಪೋರ್ಟ್ ಕ್ಯಾಬಿಗೆ ದಿನಾ ಬಿಳಿ ಅಂಗಿ ಬೇಕು, ಮಳೆಗಾಲದಲ್ಲಿ ಒಣಗುವುದಿಲ್ಲ ಎಂದು, ದೇವನಹಳ್ಳಿಯಲ್ಲಿ ಯಾರೋ ಅಪಾರ್ಟ್‌ಮೆಂಟ್ ಖಾಲಿ ಮಾಡುವಾಗ ಅವನು ಹೊತ್ತು ತಂದಿದ್ದ. “ಬಟ್ಟೆ ಒಣಗ್ಸಾಕೂ ಒಂದು ಮಿಷನ್ನಾ?” ಎಂದು ನಿಮ್ಮತ್ತೆ ವಾರವೆಲ್ಲ ಗೊಣಗಿ, ಆಮೇಲೆ ತನ್ನ ಸೀರೆಯನ್ನೂ ಕದ್ದು ಹಾಕುತ್ತಿದ್ದಳು. ಅವನು ಹೋದ ಮೇಲೆ ಅದಕ್ಕೆ ಹಳೇ ಬೆಡ್‌ಶೀಟ್ ಹೊದಿಸಿಬಿಟ್ಟಿದ್ದೆವು. ಮಹಾಲಯ ಅಮಾವಾಸ್ಯೆಗೆ ಅವನ ಫೋಟೋ ಮುಂದೆ ಎಡೆ ಇಡಬೇಕು, ಜೊತೆಗೆ ಅವನ ಅಂಗಿಯನ್ನೂ ಇಡಬೇಕು ಎಂದು ನೀನೇ ಆ ಬೆಡ್‌ಶೀಟ್ ತೆಗೆದೆ. ಮೊದಲು ಟವೆಲ್ ಹಾಕಿ ನೋಡಿದರೆ ಎರಡೇ ನಿಮಿಷಕ್ಕೆ ಕೀಂಗುಟ್ಟಿ ನಿಂತಿತು. “ಮಾವ, ಮೆಕ್ಯಾನಿಕ್‌ನ ಕರ್ಸೋಣ” ಅಂದೆ. ಮೂವತ್ತನಾಲ್ಕು ವರ್ಷ ಪವರ್‌ಲೂಮ್ ರಿಪೇರಿ ಮಾಡಿದವನ ಮನೆಗೆ ಮೆಕ್ಯಾನಿಕ್ಕಾ? ನೂಲು ಕಡಿದರೆ ಮಗ್ಗ ನಿಲ್ಲಿಸುವ ಕಡ್ಡಿ ರಗಳೆ ಕೊಟ್ಟರೆ, ಅದಕ್ಕೆ ದಾರ ಬಿಗಿದು ಮಗ್ಗ ಓಡಿಸಿದ ಕೈ ಇದು. ಒಂದು ಗಂಟೆಯಲ್ಲಿ ಓಡುವ ಹಾಗೆ ಮಾಡಿ, “ವೈರ್ ಲೂಸಾಗಿತ್ತು ಕಣಮ್ಮ, ಧೈರ್ಯವಾಗಿ ಹಾಕು” ಅಂದೆ.

ಮಾರನೇ ದಿನ ನೀನು, ಬಾಗಿಲ ಹಿಂದಿನ ಮೊಳೆಯಲ್ಲಿ ಅವನು ಬಿಟ್ಟುಹೋದ ಹಾಗೇ ಇದ್ದ ಅಂಗಿಯನ್ನು ಒಗೆದು ಅದಕ್ಕೆ ಹಾಕಿದೆ. ತೆಗೆದಾಗ ಕಾಲರ್ ಸೀದು ಕಂದು ಬಣ್ಣಕ್ಕೆ ತಿರುಗಿತ್ತು, ಗುಂಡಿಗಳು ಸೊಟ್ಟಗಾಗಿದ್ದವು, ತೋಳು ಮುದುಡಿಕೊಂಡಿತ್ತು. ಮಾರಕ್ಕ ಬಂದು ನೋಡಿ, “ಅವನ್ನೂ ಉಳಿಸ್ಕೊಳ್ಲಿಲ್ಲ, ಅವನ ಅಂಗೀನೂ ಉಳಿಸ್ಲಿಲ್ಲ” ಅಂದಳು. ಆ ಮಾತನ್ನು ಇಲ್ಲಿ ಬರೆಯಲೂ ನಾಚಿಕೆಯಾಗುತ್ತದೆ. “ಕಮ್ಮಿ ಬಿಸಿಗೇ ಇಟ್ಟಿದ್ದೆ ಅತ್ತೆ” ಎಂದು ನೀನು ಒಂದೇ ಸಲ ಹೇಳಿದೆ. ನಾನು ಕಾಫಿ ಲೋಟ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಅಂಗಿ ಇಲ್ಲದೆಯೇ ಎಡೆ ಇಟ್ಟೆವು. ಅದರ ಮರುದಿನ ನೀನು ಊರಿಗೆ ಹೊರಟೆ.

ನೀನು ಹೋದ ಮೇಲೆ ಹಿಂಬದಿ ಬಿಚ್ಚಿ ಕೂತೆ. ಒಳಗೆ ಎಷ್ಟು ಕಾದಿದೆ ಎಂದು ಯಂತ್ರಕ್ಕೆ ತಿಳಿಸುವ ಸೆನ್ಸರ್ ಒಂದಿದೆ, ಹುಣಸೆ ಬೀಜದಷ್ಟು. ಅದು ಸಾಕು ಅಂದರೆ ಹೀಟರ್ ಆರುತ್ತದೆ. ಅದನ್ನು ಮೀಟರಿಗೆ ಹಚ್ಚಿ ಲೋಟದ ತಣ್ಣೀರಿಗೆ ಅದ್ದಿದೆ. ಏನೂ ಇಲ್ಲ. ಕುದಿಯುವ ನೀರಿಗೆ ಅದ್ದಿದೆ. ಆಗಲೂ ಏನೂ ಇಲ್ಲ. ಮಾರಕ್ಕ ಒಲೆ ಹತ್ತಿರ ನಿಂತು ನೋಡುತ್ತಿದ್ದವಳು, “ಅದುಕ್ಕೆ ಬಿಸಿ ಗೊತ್ತಾಗಾಕಿಲ್ವಾ?” ಅಂದಳು. ಇಲ್ಲ ಅಂದೆ. “ನಮ್ಮಂಗೇ” ಅಂದು ಮತ್ತೆ ಒಲೆಯ ಕಡೆ ತಿರುಗಿದಳು.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹೊಸದು ತಂದೆ. ತಣ್ಣೀರಿನಲ್ಲಿ ಮೀಟರ್ ಹತ್ತು ತೋರಿಸಿದ್ದು ಬಿಸಿನೀರಿಗೆ ಹಾಕಿದ ಕೂಡಲೇ ಏಳು, ಐದು, ಮೂರು ಎಂದು ಇಳಿಯಿತು; ಬಿಸಿ ಏರಿದಷ್ಟೂ ಈ ಅಂಕಿ ಇಳಿಯಬೇಕು. ಅದನ್ನೇ ಎರಡು ಮೂರು ಸಲ ಅದ್ದಿ ಅದ್ದಿ ನೋಡಿದೆ. ಜೋಡಿಸಿ ನನ್ನ ಪಂಚೆ ಹಾಕಿದರೆ ಚೆನ್ನಾಗಿ ಒಣಗಿಸಿ ತಾನಾಗಿ ನಿಂತಿತು. “ಹುಡ್ಗೀದು ತಪ್ಪಿಲ್ಲ ಕಣೆ, ಸೆನ್ಸರ್ ಸತ್ತೋಗಿತ್ತು” ಎಂದು ಮಾರಕ್ಕನಿಗೆ ಹೇಳಿದೆ. ಹೂಂ ಅಂದಳು. ಆಮೇಲೆ ಖಾಲಿ ಮೊಳೆ ನೋಡಿ, ಆ ಅಂಗಿ ಎಲ್ಲಿ ಎಂದು ಕೇಳಿದಳು. ಆಶಾ ತಗೊಂಡು ಹೋಗಿರಬೇಕು ಅಂದೆ. ಅದಕ್ಕೂ ಹೂಂ ಅಂದಳು.

ಮುಂದಿನ ತಿಂಗಳು ವರ್ಷದ ಕಾರ್ಯ. ನೀನಿಲ್ಲದೆ ಅದನ್ನು ಹೇಗೆ ಮಾಡುವುದೋ ನನಗೆ ಗೊತ್ತಿಲ್ಲ. ತಪ್ಪು ಯಂತ್ರದ್ದು, ನಿನ್ನದಲ್ಲ. ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಸಾಧ್ಯವಾದರೆ ಬಾ.

ನಿಮ್ಮಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ನಿನಗೆ ಸಿಗಲಿ. ಸದ್ಯಕ್ಕೆ ನನ್ನ ಕೈಲಾದ ಆಶೀರ್ವಾದ ಇಷ್ಟೇ.

ಇಂತಿ ನಿನ್ನ ಮಾವ,
ಚಿಕ್ಕಬೀರಪ್ಪ

ವಿ. ಸೂ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ವೈರ್ ಲೂಸಾಗಿರಲಿಲ್ಲ ಆಶಾ. ಸೆನ್ಸರ್ ಕೆಟ್ಟಿದೆ ಎಂದು ತಿಳಿದೇ ಯಂತ್ರ ನಿಂತಿತ್ತು, ಅದರ ತಪ್ಪೂ ಇಲ್ಲ. ನಾನು ಸೆನ್ಸರ್ ವೈರ್ ಕತ್ತರಿಸಿ, ಅಲ್ಲಿಗೆ ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರ್ ಹಾಕಿ, ಒಳಗೆ ಎಷ್ಟು ಕಾದರೂ ತಣ್ಣಗಿದೆ ಎಂದೇ ಅದು ನಂಬುವ ಹಾಗೆ ಮಾಡಿದ್ದೆ, ಮಗ್ಗದ ಕಡ್ಡಿಗೆ ದಾರ ಬಿಗಿದ ಹಾಗೆ. ನಿನ್ನ ಕೈಯಲ್ಲಿ ಆ ಅಂಗಿ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಮಾರಕ್ಕ ಆ ಮಾತು ಅನ್ನುವಾಗಲೂ ಗೊತ್ತಿತ್ತು. ಅಂಗಿ ಸುಟ್ಟವನು ನಾನು. ಈಗ ತಾನೇ ಅವಳಿಗೂ ಹೇಳಿದೆ. “ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ?” ಅಂದಳು. ಗೋಡೆಗೆ ಒರಗಿ ಕೂತು ಅತ್ತಳು, ಅವನು ಹೋದ ಮೇಲೆ ಮೊದಲ ಸಲ. ಆಮೇಲೆ ಇದನ್ನು ಬರೆಯಲು ಹೇಳಿದಳು: “ಆ ಅಂಗಿ ತಗೊಂಡ್ ಬಾ ಅನ್ನು. ಸುಟ್ಟಿದ್ರೂ ಅದು ಅವಂದೇ. ಎಡೆ ಅವಳೇ ಇಕ್ಬೇಕು.” ನನ್ನ ಜೊತೆ ಮಾತಾಡದಿದ್ದರೂ ಸರಿ, ಬಾ.